ಬಾವಿಕಟ್ಟೆಯ ಆಮೆ

ಕಲ್ಯಾಣ ಪೂರ್ವ
ಮೇ ೧೨, ೧೯೯೪

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅಣ್ಣ ತಂದ ಎಣ್ಣೆಯನ್ನು ನೀನೇ ಹಚ್ಚಿಕೊಳ್ಳುತ್ತೀಯೋ, ಎಮ್ಮೆಯ ಕಾಲಿಗೆ ತಿಕ್ಕಿ ಮುಗಿಸಿದೆಯೋ? ಇಲ್ಲಿ ನಿನ್ನ ಸೊಸೆ ದಾನಮ್ಮ, ಕೂಸು ಇಬ್ಬರೂ ಆರಾಮ ಇದ್ದಾರೆ.

ಬಾಣಂತಿಯಾದವಳು ಗಂಗವ್ವನ ಪೂಜೆ ಮಾಡಿ ಮೊದಲ ಕೊಡ ತರಲು ಈ ಊರಲ್ಲಿ ನೀರಿರುವ ಬಾವಿಯೇ ಇಲ್ಲವೆಂದು ನೀನು ಸಿಟ್ಟಾಗಿ ಊರಿಗೆ ಹೋದೆ. "ನಳಕ್ಕ ಕುಂಕುಮ ಹಚ್ಚಿ ಗಂಗವ್ವ ಅನ್ನಾಕ ನನ್ನಿಂದ ಆಗಂಗಿಲ್ಲ" ಎಂದ ನಿನ್ನ ಮಾತು ದಾನಮ್ಮನ ಮನಸ್ಸಿನಲ್ಲಿ ಉಳಿಯಿತು. ನಮ್ಮ ಚಾಳಿನ ಸಾಲುಮನೆಗಳ ಹಿಂದೆ ಕಸ ತುಂಬಿದ ಹಾಳು ಬಾವಿ ನೋಡಿದ್ದೆಯಲ್ಲ, ಅದನ್ನು ಮುಚ್ಚಿ ಸ್ಕೂಟರ್ ನಿಲ್ಲಿಸುವ ಜಾಗ ಮಾಡಲು ಚಾಳಿನ ಹಿರಿಯರಾದ ಹೋಟೆಲಿನ ಕಿಟ್ಟಣ್ಣ ಗೊತ್ತುಮಾಡಿದ್ದರು. ಇದು ತಿಳಿದ ಮರುದಿನವೇ ಅವಳು ಸುಣ್ಣ, ಕೆಮ್ಮಣ್ಣು ಕಲಸಿಕೊಂಡು ಬಾವಿಕಟ್ಟೆಯ ಸುತ್ತ ಚಿತ್ರ ಬರೆಯಲು ಕುಳಿತಳು. ಮೀನು, ಏಡಿ, ನಡುವೆ ದೊಡ್ಡ ಆಮೆ, ನೀನು ಮನೆಗೋಡೆಗೆ ಬರೆಯುವಂಥವೇ. ಮಕ್ಕಳು ಸೇರಿದರು. ಆಮೆ ಬಾವಿಯ ತಳದಿಂದ ಗಂಗವ್ವನನ್ನು ಬೆನ್ನ ಮೇಲೆ ಹೊತ್ತು ತರುವ ನಿನ್ನ ಕಥೆಯನ್ನು ದಿನಕ್ಕಿಷ್ಟು ಹೇಳಿದಳು, ಅರ್ಧ ಕನ್ನಡ, ಅರ್ಧ ಹರಕು ಹಿಂದಿ. ಆಮೆಗೆ ಹಿಂದಿಯಲ್ಲಿ ಏನನ್ನುತ್ತಾರೆಂದು ಹೇಳಿಕೊಟ್ಟವಳು ಕಿಟ್ಟಣ್ಣನವರ ಮಗಳು ಪ್ರಣೀತಾ.

ಕಲ್ಲುಮಣ್ಣು ತುಂಬಿದ ಲಾರಿ ಬಂದ ದಿನ ಮಕ್ಕಳೆಲ್ಲ ಕಟ್ಟೆ ಹತ್ತಿ ಕುಳಿತರು. "ಕಥೆಗೆ ಹೆದರಿ ಕೆಲಸ ನಿಲ್ಲಿಸ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದರು ಕಿಟ್ಟಣ್ಣ. ಪ್ರಣೀತಾ ಇಳಿಯಲಿಲ್ಲ. "ಪಪ್ಪಾ, ಕಛುಆ ಅಭೀ ನೀಚೇ ಹೈ" ಎಂದಳು, ಆಮೆ ಇನ್ನೂ ಕೆಳಗೇ ಇದೆಯಂತೆ. ಅವರು ಬಗ್ಗಿ ಆ ಚಿತ್ರ ನೋಡಿದರು. ಕೊನೆಗೆ, ಆಮೆ ಮೇಲೆ ಬರುವುದು ಯಾವಾಗ ಎಂದು ದಾನಮ್ಮನನ್ನೇ ಕೇಳಿದರು. "ಕಸ ತಗದ್ರ ಬರತೈತ್ರಿ" ಎಂದಳು ನಿನ್ನ ಸೊಸೆ.

ಅವ್ವಾ, ಭಾನುವಾರ ಇಡೀ ಚಾಳು ಹಗ್ಗ, ಬಕೀಟು ಹಿಡಿದು ನಿಂತಿತು. ಬಾವಿ ಮುಚ್ಚಲು ಬಂದಿದ್ದ ಲಾರಿಯೇ ಕಸ ಹೊತ್ತು ಹೋಯಿತು. ಸಂಜೆ ಹೊತ್ತಿಗೆ ತಳದ ಬಂಡೆಯ ಸಂದಿಯಿಂದ ನೀರು ಬಂತು. ಬೆಳಿಗ್ಗೆ ನೋಡಿದರೆ ಅದರಲ್ಲಿ ಆಕಾಶ ಕಾಣುತ್ತಿತ್ತು. ಮೊದಲ ಕಾಯಿ ಒಡೆದವರು ಕಿಟ್ಟಣ್ಣ. ಅವರ ಸ್ಕೂಟರ್ ಈಗಲೂ ರಸ್ತೆಯಲ್ಲೇ ನಿಲ್ಲುತ್ತದೆ.

ಅಣ್ಣ, ಅತ್ತಿಗೆಗೆ ನಮಸ್ಕಾರ. ನಿನ್ನ ಪಾದ ಮುಟ್ಟಿ,

ನಿನ್ನ ಮಗ
ಸಿದ್ರಾಮ

ತಾ.ಕ.: ದಾನಮ್ಮ ಇನ್ನೂ ಆ ಬಾವಿಯಿಂದ ಕೊಡ ಎತ್ತಿಲ್ಲ. ಗಂಗವ್ವ ಆಮೆಯ ಬೆನ್ನಿನಿಂದ ಇಳಿಯುವಾಗಿನ ಹಾಡು ನಿನಗೊಬ್ಬಳಿಗೇ ಬರುತ್ತದಂತೆ. ಅಜ್ಜಿ ಬಂದು ಹಾಡುತ್ತಾಳೆಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ದಾಳೆ. ಕೂಸಿಗೂ ಇನ್ನೂ ಹೆಸರಿಟ್ಟಿಲ್ಲ. ಸೊಲ್ಲಾಪುರದಲ್ಲಿ ಗಾಡಿ ಹತ್ತು, ಕಲ್ಯಾಣ ಸ್ಟೇಷನ್ನಿಗೆ ನಾನು ಬರುತ್ತೇನೆ.