ಹನ್ನೊಂದನೇ ದಿನದ ಸೊನ್ನೆ

ಆಸ್ಪತ್ರೆಯ ನೆಲಮಹಡಿ, ಕಾಯುವವರ ಕೋಣೆ
ಮಂಗಳವಾರ, ಹತ್ತನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಜ್ವರ ಇಳಿಯಿತೆ? ಬಾಯಿಹುಣ್ಣು ಸ್ವಲ್ಪವಾದರೂ ತಗ್ಗಿ ನೀರು ಗಂಟಲಲ್ಲಿ ಇಳಿಯುತ್ತಿದೆಯೆ? ಕ್ಷೇಮ ಕೇಳುವುದು ಇಲ್ಲಿಗೆ ಮುಗಿಯಿತು, ಇನ್ನು ಬೈಯಲು ಶುರು ಮಾಡುತ್ತೇನೆ. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀಯ. ಗಾಜಿನ ಆಚೆ ನಿಂತು ಬೈಯೋಣವೆಂದರೆ ನನಗೆ ಶೀತ ಹಿಡಿದಿದೆ, ನಿನ್ನ ಮಹಡಿಗೇ ಕಾಲಿಡಕೂಡದು ಎಂದಿದ್ದಾರೆ. ಅದಕ್ಕೇ ಈ ಕಾಗದ. ದೊಡ್ಡ ನರ್ಸಮ್ಮ ಇದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊರಗೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿ ನಿನಗೆ ಕೊಡುತ್ತಾರೆ. ಕವರು ಬಿಚ್ಚಬೇಡ, ಹಾಗೇ ತಿರುಗಿಸಿ ತಿರುಗಿಸಿ ಓದು. ಇಷ್ಟಾದರೂ ಹೇಳಿದ ಮಾತು ಕೇಳು.

ಭಾನುವಾರ ಗುಂಗುರು ಬಂದು ನನ್ನೆದುರು ಕುಳಿತು ಅತ್ತ. ಹತ್ತು ವರ್ಷ ನಿನ್ನ ಕ್ಷೌರದಂಗಡಿಯಲ್ಲಿ ಪಕ್ಕದ ಕುರ್ಚಿ ನೋಡಿಕೊಂಡವನು ಅಂತ ಇಷ್ಟು ದಿನ ಅವನನ್ನು ನಂಬಿದ್ದೆ. ಶುಕ್ರವಾರ ಸಂಜೆ ನಿನ್ನನ್ನು ನೋಡಲು ಬಂದವನು ತಳ್ಳುಗಾಡಿಯಲ್ಲಿ ಕೊಯ್ದಿಟ್ಟ ಕಲ್ಲಂಗಡಿ ಹೋಳನ್ನು, ಒಳಗೆ ಬರುವವರಿಗೆ ತೊಡಿಸುವ ಆ ನೀಲಿ ಗೌನಿನೊಳಗೆ ಬಚ್ಚಿಟ್ಟುಕೊಂಡು ತಂದನಂತೆ. "ಅವನೇ ಕೇಳಿದ್ದು ಅಕ್ಕಾ, ಒಂದೇ ಒಂದು ಹೋಳು" ಎಂದ. ಆ ಒಂದು ಹೋಳಿಗೆ ಶನಿವಾರ ನೂರಮೂರು ಡಿಗ್ರಿ ಜ್ವರ ಬಂತಲ್ಲ. ಅವನಿಗೆ ನಾಲ್ಕು ಬಿಟ್ಟು ಕಳಿಸಬೇಕೆಂದು ಕೈ ತುರಿಸಿತು, ಆದರೆ ಅಷ್ಟು ಅಳುವವನಿಗೆ ಹೊಡೆಯುವುದು ಹೇಗೆ. ಅವನಿಗೆ ಬುದ್ಧಿಯಿಲ್ಲ ಸರಿ, ನಿನ್ನ ಬುದ್ಧಿಯನ್ನು ಯಾರಿಗೆ ಬಾಡಿಗೆಗೆ ಕೊಟ್ಟಿದ್ದೀಯ?

ಚರ್ಮದ ವಿಷಯವನ್ನು ನಾನು ನಿನಗೆ ಹೇಳಿಕೊಡುವ ಕಾಲ ಬಂತು ನೋಡು. ಹೊಸ ಬ್ಲೇಡು ಹಾಕದೆ ಯಾರ ಕೆನ್ನೆಗೂ ಕೈ ಹಚ್ಚದವನು ನೀನು. ಚೂರು ಗೀರಿದರೂ ಪಟಿಕ ಉಜ್ಜಿ, ಮನೆಗೆ ಹೋದ ಮೇಲೆ ಕೊಳಕು ಕೈಯಲ್ಲಿ ಮುಟ್ಟಬೇಡಿ ಎಂದು ಗಿರಾಕಿಗೆ ಎರಡು ಸಲ ಹೇಳುತ್ತಿದ್ದೆ. ಈಗ ಎದೆಯ ಹತ್ತಿರ ಟ್ಯೂಬು ಒಳಗೆ ಹೋಗಿರುವ ಕಡೆ ಪಟ್ಟಿಯ ಅಂಚನ್ನು ಕೆರೆದು ಕೆರೆದು ಎಬ್ಬಿಸಿದ್ದೀಯಂತೆ. ತುರಿಕೆಯಾಗುತ್ತದೆ, ಗೊತ್ತು. ಕರೆಗಂಟೆ ಇರುವುದು ಯಾತಕ್ಕೆ? ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: ಮಾಮೂಲಿ ಮನುಷ್ಯನಿಗೆ ಚರ್ಮ ಮೊದಲ ಕಾವಲು, ಅದನ್ನು ದಾಟಿ ಏನಾದರೂ ಒಳನುಗ್ಗಿದರೆ ಹಿಡಿದು ತಿನ್ನಲು ರಕ್ತದಲ್ಲಿ ಬಿಳಿ ಕಣಗಳು ಇರುತ್ತವೆ. ನಿನ್ನ ಕೆಟ್ಟ ಮಜ್ಜೆಯನ್ನು ಸುಡಲು ಕೊಟ್ಟ ಔಷಧಿ ಆ ಕಣಗಳನ್ನೂ ಒಂದೂ ಬಿಡದೆ ಸುಟ್ಟಿದೆ. ಬಾಯಿ, ಗಂಟಲು, ಕರುಳಿನ ಒಳಪದರವನ್ನೂ ಸುಲಿದಿದೆ, ಹುಣ್ಣು ಅದರದ್ದೇ. ಗಾಡಿಯವನ ಚಾಕುವಿನ ಕೊಳೆ ಅಲ್ಲಿಂದ ನೇರ ರಕ್ತಕ್ಕೆ ಇಳಿಯುತ್ತದೆ, ತಡೆಯುವವರು ಯಾರೂ ಇಲ್ಲ. "ಈಗ ಹೊರಗಿನ ಚರ್ಮ ಒಂದೇ ಉಳಿದಿರೋದು" ಎಂದರು ಡಾಕ್ಟರು. ನಾನು ದಿನಬೆಳಗಾದರೆ ಲಾರಿಗಳ ಟಾರ್ಪಾಲು ಹೊಲಿಯುವವಳು. ನೀರು ಸೋರುವುದು ಬಟ್ಟೆಯಿಂದಲ್ಲ, ಸೂಜಿ ಹೋದ ತೂತಿನಿಂದ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಆ ತೂತನ್ನೇ ಕೆರೆಯುತ್ತಿದ್ದೀಯ.

ನನಗೆ ತಲೆ ಕೆಡುವುದು ಇನ್ನೊಂದಕ್ಕೆ. ನನ್ನ ಶೀತ ನಾಲ್ಕು ದಿನದಲ್ಲಿ ತಾನಾಗಿ ಹೋಗುತ್ತದೆ. ಮೂಗು ಸೋರುತ್ತದೆ, ಮೈ ಬೆಚ್ಚಗಾಗುತ್ತದೆ, ಒಳಗೆ ಬಿಳಿ ಕಣಗಳು ತಮ್ಮ ಕೆಲಸ ಮಾಡಿ ಮುಗಿಸುತ್ತವೆ, ನಾನು ಟವೆಲ್ಲು ಒದ್ದೆ ಮಾಡಿಕೊಂಡು ಕೂತಿದ್ದರಾಯಿತು. ಅವೇ ಕಣಗಳ ಬೀಜವನ್ನು ನನ್ನ ಸೊಂಟದ ಮೂಳೆಯಿಂದ ತೆಗೆದು ನಿನಗೆ ಹಾಕಿ ಇವತ್ತಿಗೆ ಹನ್ನೊಂದು ದಿನ. ಟ್ಯೂಬಿನಲ್ಲಿ ಬಿಟ್ಟರೆ ಸಾಕು, ಮೂಳೆಗೆ ದಾರಿ ತಾವೇ ಹುಡುಕಿಕೊಳ್ಳುತ್ತವಂತೆ. ಹುಡುಕಿಕೊಂಡು ಮನೆ ಹೂಡಲು ಪುರಸೊತ್ತು ಬೇಡವೆ? ನೀನು ಕಲ್ಲಂಗಡಿ ತಿಂದು ಮೈತುಂಬ ಕೊಳೆ ಬಿಟ್ಟುಕೊಂಡರೆ ಅವು ಪಾಪ ಏನು ಮಾಡಬೇಕು. ನನ್ನ ಮೊಂಡುತನ ಅವಕ್ಕೂ ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಸೀಗಡಿ ತಿಂದರೆ ನನಗೆ ಮೈಯೆಲ್ಲ ದದ್ದು ಏಳುತ್ತದಲ್ಲ, ಮುಂದೆ ನಿನಗೂ ಏಳಬಹುದಂತೆ, ಆಗ ನನ್ನನ್ನು ಬೈಯಬೇಡ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಚುಚ್ಚುಮದ್ದಿನ ನೆನಪೂ ನಿನ್ನ ಮೈಗೆ ಇರುವುದಿಲ್ಲವಂತೆ, ಕೂಸುಗಳ ಸಾಲಿನಲ್ಲಿ ನಿಂತು ಮತ್ತೆ ಹಾಕಿಸಿಕೊಳ್ಳಬೇಕು. ಆವತ್ತು ನಾನು ರಜೆ ಹಾಕಿ ನೋಡಲು ಬರುತ್ತೇನೆ.

ಅಮ್ಮನದು ಬೇರೆಯೇ ಕಥೆ. ನಿನ್ನ ಸುದ್ದಿ ಕೇಳಿದಾಗಿನಿಂದ ದಿನಕ್ಕೆ ಮೂವತ್ತು ಸಲ ಸೋಪು ಹಚ್ಚಿ ಹಚ್ಚಿ ಅವಳ ಕೈಯ ಚರ್ಮವೇ ಬಿರಿದಿದೆ. ಬಿರುಕಿನಲ್ಲೂ ಕ್ರಿಮಿ ಸೇರುತ್ತದೆ, ಎಣ್ಣೆ ಹಚ್ಚಿಕೋ ಎಂದರೆ ಎಣ್ಣೆ ಹಚ್ಚಿ ಮತ್ತೆ ಸೋಪಿನಲ್ಲಿ ತೊಳೆಯುತ್ತಾಳೆ. ನಿಮ್ಮಿಬ್ಬರ ಮಧ್ಯೆ ಸಿಕ್ಕಿ ನಾನು ಸಾಕಾಗಿ ಹೋಗಿದ್ದೇನೆ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಹೊದಿಕೆ ಕುತ್ತಿಗೆವರೆಗೂ ಹೊದ್ದುಕೋ ಎಂದೂ ಹೇಳಿದ್ದಾಳೆ. ಗುಂಗುರು ತಲೆ ತಗ್ಗಿಸಿಕೊಂಡೇ ನಮಸ್ಕಾರ ತಿಳಿಸಿದ. ನರ್ಸಮ್ಮನ ಮಾತು ಕೇಳು, ಕೋಪ ಬಂದರೆ ನನ್ನ ಮೇಲೆ ಮಾಡಿಕೋ.

ನಿನ್ನ ತಂಗಿ,
ಮೊಂಡಿ

ತಾ.ಕ.: ನರ್ಸಮ್ಮ ಇಳಿದು ಬಂದಿದ್ದಾರೆ, ಬೇಗ ಬರೆಯುತ್ತೇನೆ. ಇವತ್ತೂ ಬಿಳಿ ಕಣ ಸೊನ್ನೆಯಂತೆ. ಗುಂಗುರು ಅಳುವಾಗ ಇನ್ನೊಂದು ಮಾತು ಹೇಳಿದ್ದ, ಅದನ್ನು ಬರೆಯಲು ಇಷ್ಟು ಹೊತ್ತೂ ಕೈ ಬರಲಿಲ್ಲ. "ಹೆಂಗೂ ಮುಗೀತಲ್ಲ, ರುಚಿಯಾಗಿ ಏನಾದ್ರೂ ತಿಂದು ಹೋಗ್ತೀನಿ" ಅಂದೆಯಂತೆ. ಶುಕ್ರವಾರ ಬೆಳಿಗ್ಗೆ ಡಾಕ್ಟರು ತಂದ ಫಾರಂ ಅನ್ನೂ "ಅವಳಿಗೆ ಮತ್ತೆ ನೋವು ಕೊಡೋದು ಬೇಡ" ಎಂದು ದೂಡಿದೆಯಂತೆ. ಈ ಸಲದ ಕಣ ಹಿಡಿಯದಿದ್ದರೆ ಎರಡನೇ ಸಲ ನನ್ನಿಂದ ತೆಗೆಯುವುದಕ್ಕೆ ಒಪ್ಪಿಗೆ ಅದು. ನನ್ನ ನೋವನ್ನು ಬೇಡ ಅನ್ನಲು ನೀನು ಯಾರು? ಎದ್ದು ಕೂರುವಾಗ ಸೊಂಟ ಚುಳಕ್ ಅನ್ನುತ್ತದೆ, ಅಷ್ಟೇ. ನನ್ನಿಂದ ತಡೆಯಲಾಗದ್ದು ನಿನ್ನ ಅಂಗಡಿಯ ಬಾಗಿಲನ್ನು ಬೇರೆ ಯಾರೋ ತೆಗೆಯುವುದು. ನನಗೆ ಭಯವಾಗಿದೆ ಅಣ್ಣಾ. ಆ ಫಾರಂ ಈಗ ನರ್ಸಮ್ಮನ ಇನ್ನೊಂದು ಕೈಯಲ್ಲಿದೆ. ಮೇಲಿನ ಗೆರೆಯಲ್ಲಿ ನಾನು ಸಹಿ ಹಾಕಿದ್ದೇನೆ, ಕೆಳಗಿನದು ನಿನ್ನದು. ಕೈ ನಡುಗಿ ಅಕ್ಷರ ಸೊಟ್ಟಗಾದರೂ ನಡೆಯುತ್ತದೆ ಎಂದು ಕೇಳಿ ತಿಳಿದುಕೊಂಡಿದ್ದೇನೆ. ಅವರು ಅದನ್ನು ತೆಗೆದುಕೊಂಡು ಇಳಿದು ಬರುವವರೆಗೂ ನಾನು ಈ ಮೆಟ್ಟಿಲ ಹತ್ತಿರವೇ ನಿಂತಿರುತ್ತೇನೆ.