ಗುಣವತಿ ಅಕ್ಕನ ಎಲೆ

ಕಾಪು, ಸೋಮವಾರ

ಶ್ರವಣನಿಗೆ,

ನಿನ್ನ ಅಮ್ಮನ ಉತ್ತರಕ್ರಿಯೆ, ಬೊಜ್ಜದ ದಿನ ಜನರೆದುರು ಜಗಳ ಬೇಡವೆಂದು ಸುಮ್ಮನೆ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗುಣವತಿ ಅಕ್ಕನ ಹೆಸರಿನಲ್ಲಿ ಇಟ್ಟ ಎಲೆಗೆ ನೀನು ಹೋಳಿಗೆ, ಪಾಯಸ ಬಡಿಸಿದೆ. ಅವಳಿಗೆ ಸಿಹಿ ಕಂಡರೆ ಆಗುತ್ತಿರಲಿಲ್ಲ, ಗೊತ್ತುಂಟಾ ನಿನಗೆ? ನಾನು ಹುರಿದ ಬಂಗುಡೆ, ಒಂದು ಲೋಟ ಶೇಂದಿ ತಂದಿದ್ದೆ. ನೀನು ಬಾಗಿಲಲ್ಲೇ ತಡೆದು, "ಮಣಿಪಾಲದಿಂದ ನಮ್ಮ ಆಫೀಸಿನವರು ಬಂದಿದ್ದಾರೆ. ನನ್ನ ಅಮ್ಮ ಕುಡಿಯುತ್ತಿರಲಿಲ್ಲ" ಎಂದೆ.

ಕುಡಿಯುತ್ತಿದ್ದಳು ಮಾರಾಯ! ನಾವಿಬ್ಬರೂ ಒಟ್ಟಿಗೆ ಮೀನು ಮಾರಿದವರು. ಬುಟ್ಟಿ ಖಾಲಿಯಾದ ಮೇಲೆ ನಮ್ಮ ಜಗಲಿಯಲ್ಲಿ ಕುಳಿತು ಕುಡಿಯುತ್ತಿದ್ದೆವು, ಉಣ್ಣುತ್ತಿದ್ದೆವು. ನನ್ನ ಗಂಡ ಕಡಲಿನಿಂದ ಮರಳದ ವರ್ಷ ನನಗೆ ಅನ್ನ ಸೇರುತ್ತಿರಲಿಲ್ಲ. ಮೀನಿನ ಮುಳ್ಳು ಬಿಡಿಸಿ, "ತಿನ್ನು ನಳಿನಿ, ಅಳುವುದಕ್ಕಾದರೂ ಶಕ್ತಿ ಬೇಡವಾ?" ಎಂದು ಬಾಯಿಗಿಟ್ಟವಳು ಅವಳು. ಅಂಥವಳ ಬಗ್ಗೆ ನಾಚಿಕೆಪಡುತ್ತೀಯಲ್ಲ ನೀನು!

ವರ್ಷಾಂತಿಕಕ್ಕೆ ಅವಳು ಉಣ್ಣುತ್ತಿದ್ದದ್ದನ್ನೇ ಬಡಿಸು. ನಿನ್ನಿಂದ ಆಗದಿದ್ದರೆ ಈಗಲೇ ಹೇಳು, ನನ್ನ ಮನೆಯಲ್ಲೇ ಬಡಿಸುತ್ತೇನೆ. ಪಕ್ಕದಲ್ಲಿ ನಿನಗೂ ಒಂದು ಎಲೆ ಹಾಕಿರುತ್ತೇನೆ. ಬಂದು ಉಂಡು ಹೋಗು. ಮಾತು ಮಾತ್ರ ಬೇಡ.

ನಳಿನಾಕ್ಷಿ