ಆ ಕುದುರೆಯೂ ನೀನೇ, ಈ ನರ್ಸೂ ನೀನೇ

ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗಿಲಕಿ,

ಮೊದಲು ನಿನ್ನ ಹಿಮ್ಮಡಿ ಹೇಗಿದೆ ಹೇಳು. ಯಾವುದೋ ಸಿನಿಮಾದ ಸಿಪಾಯಿಗಳ ದಂಡು ನಡೆಯುವ ಸದ್ದು ಮಾಡುವುದಕ್ಕೆ ದಿನವಿಡೀ ಕಲ್ಲುಚಪ್ಪಡಿಯ ಮೇಲೆ ಬೂಟುಗಾಲಲ್ಲಿ ಕುಣಿದು ಹಿಮ್ಮಡಿ ಊದಿಸಿಕೊಂಡಿದ್ದೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನನ್ನ ಹಿಮ್ಮಡಿಯೂ ನೋಯುತ್ತಿದೆ. ಇಡೀ ದಂಡಿಗೆ ಒಬ್ಬಳೇ ಹುಡುಗಿಯನ್ನು ಕುಣಿಸುವ ನಿನ್ನ ಮೇಷ್ಟ್ರು ದೊಡ್ಡಕಿವಿಯವರು ಆರೋಗ್ಯವೇ? ನಿನ್ನ ಕೋಣೆಯ ಗೆಳತಿ ಸೀನಮ್ಮನಿಗೆ ಧೂಳಿನ ಕಾಟ ಕಡಿಮೆಯಾಯಿತೇ? ಸದ್ದು ಹಿಡಿಯುವ ಕೆಲಸದವರ ಮನೆಯಲ್ಲಿ ಅಷ್ಟು ಜೋರಾಗಿ ಸೀನುವ ಹುಡುಗಿ ಬಂದು ಸೇರಿದ್ದು ದೇವರ ತಮಾಷೆಯೇ ಸರಿ. ಇಲ್ಲಿ ಪಕ್ಕದ ಅಂಗಡಿಯ ಬೀಗದಣ್ಣನಿಗೆ ಮೊಣಕಾಲು ಹಿಡಿದುಕೊಂಡಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಾನು ಗುಂಡುಕಲ್ಲಿನಂತಿದ್ದೇನೆ. ನಿನ್ನ ಅಮ್ಮನ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳು. ಇವತ್ತು ನನ್ನ ಹತ್ತಿರ ಇರುವ ಸುದ್ದಿ ಒಂದೇ ಕಾಗದದಲ್ಲಿ ಹಿಡಿಸುತ್ತದೋ ಇಲ್ಲವೋ. ಆದರೂ ಒಂದರ ಹಿಂದೊಂದು ಸಾಲಾಗಿ ಹೇಳದಿದ್ದರೆ ಅದರ ರುಚಿ ನಿನಗೆ ಗೊತ್ತಾಗುವುದಿಲ್ಲ.

ಫೋನಿನಲ್ಲಿ ಹೇಳಬಾರದೇ ಎಂದು ನೀನು ಕೇಳಬಹುದು. ಈ ಮನೆಯಲ್ಲಿ ಫೋನು ಒಂದೇ, ಗೋಡೆ ತೆಳು, ನಿನ್ನ ಅಮ್ಮನ ಕಿವಿ ಚುರುಕು. ನೀನು ನರ್ಸಿಂಗ್ ಓದನ್ನು ಕೊನೆಯ ವರ್ಷದಲ್ಲಿ ಬಿಟ್ಟು ಹೋದಾಗಿನಿಂದ ಅವಳು ನಿನ್ನ ಜೊತೆ ಮಾತು ಬಿಟ್ಟಿದ್ದು ನಿನಗೆ ಗೊತ್ತು. ಆದರೆ ನಿನ್ನ ಹೆಸರು ಬಂದರೆ ಇಲ್ಲಿ ಏನಾಗುತ್ತದೆ ಎನ್ನುವುದು ನಿನಗೆ ಗೊತ್ತಿಲ್ಲ. ಎದ್ದು ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ನಮ್ಮ ಮನೆಯ ಪಾತ್ರೆಗಳು ಈಗ ಕನ್ನಡಿಯ ಹಾಗಿವೆ. “ಮುಚ್ಚಿದ ಕೋಣೆಯಲ್ಲಿ ಧಡಧಡ ಕಾಲು ಬಡಿಯೋದನ್ನ ಕೆಲಸ ಅಂತಾರಾ ಅಪ್ಪಾ?” ಎಂದು ಒಂದೇ ಒಂದು ಸಲ ಕೇಳಿದ್ದಳು. “ನಾನು ಜೀವಮಾನವೆಲ್ಲ ಸುತ್ತಿಗೆ ಬಡಿದು ನಿನ್ನನ್ನು ಸಾಕಲಿಲ್ಲವೇನೇ?” ಎಂದೆ. ಆ ದಿನ ಪಾತ್ರೆಗಳಿಗೆ ಹಬ್ಬ. ನೀವಿಬ್ಬರೂ ಎದುರುಬದುರು ಕೂತು ಒಂದು ಮಾತಾಡಿದರೆ ಸಾಕು, ಆ ಮಾತು ಬೈಗುಳವೇ ಆದರೂ ಅಡ್ಡಿಯಿಲ್ಲ ಎಂದುಕೊಂಡು ದಿನ ದೂಡುತ್ತಿದ್ದೇನೆ.

ಈಗ ಸಿನಿಮಾಕ್ಕೆ ಬರೋಣ. ನೀನು ಸದ್ದು ಮಾಡಿಕೊಟ್ಟ ಮೂರನ್ನೂ ನೋಡಿ ಮುಗಿಸಿದೆ. ನಿನ್ನ ಅಜ್ಜಿ ಹೋದ ಮೇಲೆ ಥಿಯೇಟರಿನ ಕಡೆ ತಲೆ ಹಾಕದವನು ಈಗ ಟಿಕೆಟ್ ಕೊಡುವವನು ಹೆಸರು ಹಿಡಿದು ಕೂಗುವಷ್ಟು ಪರಿಚಯದವನಾಗಿದ್ದೇನೆ. ಜೊತೆಗೆ ಬೀಗದಣ್ಣ. ಮೊದಲು ಹೋದದ್ದು ಆ ಹೊಡೆದಾಟದ ಸಿನಿಮಾಕ್ಕೆ. ಅದರ ಬಗ್ಗೆ ನನ್ನ ಅಭಿಪ್ರಾಯ ಏನೆಂದರೆ, ಆ ನಾಯಕನಿಗೆ ಶತ್ರುಗಳಿಗಿಂತ ಅವನ ಬೂಟೇ ದೊಡ್ಡ ಶತ್ರು. ಅಂಥ ನುಣುಪು ಅಟ್ಟೆಯ ಬೂಟು ಹಾಕಿಕೊಂಡು ಒದ್ದೆ ಚಾವಣಿಯ ಮೇಲೆ ಓಡಿದರೆ ಮನುಷ್ಯ ಉಳಿಯುತ್ತಾನೆಯೇ? ಕೆಸರಲ್ಲಿ ಉರುಳಾಡಿ ಎದ್ದ ಮರುಕ್ಷಣ ಬೂಟು ಫಳಫಳ ಹೊಳೆಯುತ್ತಿತ್ತು. ಹಾಗೆ ಪಾಲಿಶ್ ಹಾಕಿದವನು ಯಾರು, ಖಳನಾಯಕನೇ? ಇಷ್ಟಾದರೂ ಅವನು ಮೆಟ್ಟಿಲು ಇಳಿಯುವಾಗಿನ ಸದ್ದು ಮಾತ್ರ ಅದ್ಭುತ. ಒಂದೊಂದು ಮೆಟ್ಟಿಲಿಗೂ ಒಂದೊಂದು ದನಿ. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಬೀಗದಣ್ಣ ನಿದ್ದೆ ಬಂತೆಂದುಕೊಂಡು ಪಕ್ಕೆಗೆ ತಿವಿದ. ಅವನ ಕಥೆ ಬೇರೆ. ನಾಯಕ ಬ್ಯಾಂಕಿನ ಬಾಗಿಲನ್ನು ತಲೆಯ ಪಿನ್ನಿನಿಂದ ತೆರೆದದ್ದೇ ತಡ, “ಬಾರಯ್ಯಾ, ಇನ್ನು ಇಲ್ಲಿ ಕೂತ್ರೆ ನಮ್ಮ ಮರ್ಯಾದೆ ಏನಾಯ್ತು” ಎಂದು ಎದ್ದೇ ಬಿಟ್ಟ. ಅವನ ಅಂಗಿ ಹಿಡಿದು ಕೂರಿಸುವಷ್ಟರಲ್ಲಿ ಹಿಂದಿನ ಸಾಲಿನವರು ನಮ್ಮಿಬ್ಬರನ್ನೂ ಬೈದು ಮುಗಿಸಿದ್ದರು.

ಎರಡನೆಯದು ಆ ಪ್ರೇಮಕಥೆ. ಕಥೆಯಲ್ಲಿ ಹುರುಳಿಲ್ಲ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡು ಅಳುತ್ತಾರೆ. ಯಾರಾದರೂ ಒಬ್ಬರು ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಅರ್ಧ ಗಂಟೆಗೆ ಎಲ್ಲರೂ ಮನೆಗೆ ಹೋಗಬಹುದಿತ್ತು. (ನಮ್ಮ ಮನೆಯ ಸಿನಿಮಾವೂ ಅದೇ ಅಲ್ಲವೇ, ಇರಲಿ.) ಆದರೆ ನಾಯಕಿ ಬರಿಗಾಲಲ್ಲಿ ಒಣಗಿದ ಎಲೆಗಳ ಮೇಲೆ ನಡೆದು ಬರುತ್ತಾಳೆ ನೋಡು, ಹಾಡೂ ಇಲ್ಲ, ಮಾತೂ ಇಲ್ಲ, ಬರೀ ಆ ಚರಚರ. ನನಗೆ ಮೈ ಜುಮ್ಮೆಂದಿತು. ತಡೆಯಲಾಗಲಿಲ್ಲ. ತೆರೆಗೆ ಬೆರಳು ತೋರಿಸಿ, “ನೋಡ್ರಪ್ಪಾ, ಇವಳು ನನ್ನ ಮೊಮ್ಮಗಳು” ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಸದ್ದಿನ ಮಾತು ನಾನು ಹೇಳಿದ್ದು. ಆದರೆ ಆ ಕ್ಷಣದಲ್ಲಿ ತೆರೆಯ ತುಂಬ ಇದ್ದದ್ದು ನಾಯಕಿಯ ಮುಖ. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಜನ ನಮ್ಮ ಬೀದಿಯವರು. ಬೆಳಗಾಗುವಷ್ಟರಲ್ಲಿ ನಾನು ಸಿನಿಮಾ ನಾಯಕಿಯ ತಾತ. ಚೆನ್ನಾಗಿರುವ ಚಪ್ಪಲಿಯನ್ನೇ ರಿಪೇರಿಗೆ ಹಿಡಿದುಕೊಂಡು ಬಂದವರೆಷ್ಟು ಮಂದಿ. ಮೂಲೆಯ ಟೈಲರಮ್ಮ ಬಂದು, “ಮೂಗು ನಿಮ್ಮದೇ ಬಿಡಿ ಅಜ್ಜಾ, ನಾನು ಆಗ್ಲೇ ಅಂದ್ಕೊಂಡೆ” ಎಂದಳು. ಅಲ್ಲಮ್ಮ, ಮೂಗಲ್ಲ, ಪಾದ ಮಾತ್ರ ನಮ್ಮದು, ತೆರೆ ನೋಡಿಕೊಂಡು ಆ ಹೆಜ್ಜೆಯ ಸದ್ದನ್ನು ಆಮೇಲೆ ಬೇರೆ ಕೋಣೆಯಲ್ಲಿ ಮಾಡುತ್ತಾರೆ ಎಂದು ನಾನು ವಿವರಿಸಿದಷ್ಟೂ, ಪಾಪ, ತಾತನಿಗೆ ನಾಚಿಕೆ ಎಂದು ನಕ್ಕರು. ಇದರ ಮೇಲೆ ನಿನ್ನ ಕಾಗದ ಬಂತು: ಆ ಸಿನಿಮಾದಲ್ಲಿ ಎಲೆಗಳ ಮೇಲೆ ನಡೆದದ್ದು ನೀನಲ್ಲ, ದೊಡ್ಡಕಿವಿಯವರಂತೆ. ನೀನು ಮಾಡಿದ್ದು ಕುದುರೆಯನ್ನಂತೆ. ಆ ಮೀಸೆಯ ಮುದುಕರು ಅಷ್ಟು ನಾಜೂಕಾಗಿ ನಡೆಯುತ್ತಾರೆಂದು ನನಗೇನು ಕನಸು ಬೀಳುತ್ತದೆಯೇ? ಬೀಗದಣ್ಣ ಅದನ್ನು ಓದಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಕುದುರೆಯ ತಾತ ಎಂದು ಈಗಲೂ ಕರೆಯುತ್ತಾನೆ. ಕರೆಯಲಿ. ಕುದುರೆ ಚೆನ್ನಾಗಿತ್ತು. ಲಾಳ ಸಡಿಲವಾದ ಹಾಗೆ ಒಂದು ಕಾಲು ಟಿಕ್ ಎನ್ನುತ್ತಿತ್ತು, ಅದು ನನ್ನ ಕಿವಿಗೆ ಬಿದ್ದಿತ್ತು.

ನಗು ಅಲ್ಲಿಗೆ ಮುಗಿಯಿತು, ಗಿಲಕಿ. ಸುದ್ದಿ ಆಸ್ಪತ್ರೆಗೂ ಹೋಯಿತು. ನಿನ್ನ ಅಮ್ಮನ ವಾರ್ಡಿಗೆ ಹೊಸದಾಗಿ ಸೇರಿದ ರೋಗಿ ಹೆಂಗಸೊಬ್ಬಳು, “ಸಿಸ್ಟರ್, ನಿಮ್ಮ ಮಗಳು ಆ ಹುಡುಗನ್ನ ಎಷ್ಟು ಚೆನ್ನಾಗಿ ತಬ್ಕೊಂಡ್ಲು” ಎಂದಳಂತೆ. ಅಮ್ಮ ಡ್ಯೂಟಿ ಮುಗಿಸಿ ಸೀದಾ ಅಂಗಡಿಗೆ ಬಂದಳು, ಬ್ಯಾಗು ಕೂಡ ಇಳಿಸಲಿಲ್ಲ. ಮುಖ ಕೆಂಪು. “ಅಪ್ಪಾ, ಕಾಲು ಬಡೀತಾಳೆ ಅಂದಿದ್ದೆ. ಇದೇನು ತಬ್ಬಿಕೊಳ್ಳೋದು? ನಾನೇ ಕಣ್ಣಾರೆ ನೋಡ್ಬೇಕು.” ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವಳು ತಾನಾಗಿಯೇ ನಿನ್ನ ಮಾತು ತೆಗೆದಿದ್ದಳು. ನಾನು ಬಾಯಿಗೆ ಬಂದ ನಿಜವನ್ನು ನುಂಗಿಕೊಂಡು, ನೋಡೋಣ ನಡಿ ಎಂದೆ. ಅಷ್ಟರಲ್ಲಿ ಪ್ರೇಮಕಥೆ ಎತ್ತಂಗಡಿಯಾಗಿತ್ತು. ಅದರ ಜಾಗಕ್ಕೆ ಬಂದಿದ್ದದ್ದು ನಿನ್ನ ಮೂರನೆಯ ಸಿನಿಮಾ, ಆ ಆಸ್ಪತ್ರೆಯದು. ಇದರಲ್ಲೂ ಅವಳ ಕೆಲಸ ಇದೆ, ಇದನ್ನೇ ನೋಡು, ಅವಳ ಮುಖ ಎಲ್ಲಾದರೂ ಕಂಡರೆ ನನ್ನ ಮೀಸೆ ಬೋಳಿಸು ಎಂದೆ. ಮೀಸೆ ಇಲ್ಲದವನ ಪಂಥ ಎಂದು ಗೊಣಗಿದಳು. ಆದರೂ ಬಂದಳು.

ಮೊನ್ನೆ ಮಧ್ಯಾಹ್ನದ ಆಟ, ಜನ ಕಡಿಮೆ. ಬೀಗದಣ್ಣನನ್ನು ಬೇಕೆಂದೇ ಬಿಟ್ಟು ಹೋಗಿದ್ದೆ. ಸಿನಿಮಾ ನಿಧಾನ. ನನ್ನ ಅಭಿಪ್ರಾಯ ಕೇಳಿದರೆ ಮೊದಲರ್ಧದಲ್ಲಿ ಆ ವಕೀಲನ ಸಂಸಾರವನ್ನು ಪೂರ್ತಿ ಕತ್ತರಿಸಿ ಎಸೆಯಬಹುದಿತ್ತು. ಅಮ್ಮ ಪ್ರತಿಯೊಂದು ಹೆಣ್ಣುಮುಖ ಬಂದಾಗಲೂ ಮುಂದಕ್ಕೆ ಬಾಗಿ ನೋಡುತ್ತಿದ್ದಳು, ನೀನಲ್ಲ ಎಂದು ಖಾತ್ರಿಯಾದ ಮೇಲೆ ಹಿಂದಕ್ಕೆ ಒರಗುತ್ತಿದ್ದಳು. ಆಮೇಲೆ ಆ ದೃಶ್ಯ ಬಂತು. ಮುದುಕಿ ಮಂಚದ ಮೇಲೆ ನಿದ್ದೆಯಿಲ್ಲದೆ ಮಲಗಿದ್ದಾಳೆ. ನರ್ಸ್ ಯಾರೆಂದು ತೋರಿಸುವುದೇ ಇಲ್ಲ. ಕಾರಿಡಾರಿನ ಆ ತುದಿಯಿಂದ ಅವಳ ಹೆಜ್ಜೆ ಮಾತ್ರ ಬರುತ್ತದೆ. ಬಲಗಾಲು ಸ್ಪಷ್ಟವಾಗಿ, ಎಡಗಾಲು ಒಂದಿಷ್ಟು ಎಳೆದ ಹಾಗೆ. ಒಂದು ಮಂಚದ ಹತ್ತಿರ ನಿಲ್ಲುತ್ತದೆ, ಮತ್ತೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಹೆಜ್ಜೆ ಹತ್ತಿರವಾದಷ್ಟೂ ಮುದುಕಿಯ ಮುಖ ಸಡಿಲವಾಗುತ್ತದೆ. ನಾನು ಕುರ್ಚಿಯ ಅಂಚಿಗೆ ಸರಿದೆ. ಚಿಕ್ಕಂದಿನಲ್ಲಿ ಏಣಿಯಿಂದ ಬಿದ್ದು ಮುರಿದ ಆ ಎಡಗಾಲಿಗೆ ಇವತ್ತಿನವರೆಗೂ ನಾನೇ ಅಟ್ಟೆ ಹಾಕುತ್ತಾ ಬಂದವನು, ನನಗೆ ಗೊತ್ತಾಗದೇ ಇರುತ್ತದೆಯೇ? ಆದರೆ ಬಾಯಿ ಬಿಡಲಿಲ್ಲ. ಒಂದು ಸಲ ಥಿಯೇಟರಿನಲ್ಲಿ ಬಾಯಿ ಬಿಟ್ಟದ್ದೇ ಸಾಕಾಗಿತ್ತು. ಕತ್ತಲಲ್ಲಿ ಅಮ್ಮನ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು, ನಾಡಿ ನೋಡುವ ಹಾಗೆ. “ಅಪ್ಪಾ,” ಎಂದಳು, “ಅದು ನಾನು.”

ಆಮೇಲಿನ ಕಥೆ ಏನಾಯಿತೋ ನನಗೆ ಗೊತ್ತಿಲ್ಲ, ವಕೀಲ ಗೆದ್ದನೋ ಸೋತನೋ ಬಿಡು. ಹೊರಗೆ ಬಂದೆವು. ಫುಟ್‌ಪಾತಿನ ಮೇಲೆ ನಿನ್ನ ಅಮ್ಮ ನಾಲ್ಕು ಹೆಜ್ಜೆ ಹಾಕುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ ಹಾಕುವುದು. ತನ್ನ ಕಾಲನ್ನು ತಾನೇ ಕೇಳಿಸಿಕೊಳ್ಳುತ್ತಿದ್ದಳು. ದಾರಿಹೋಕರು ಏನೋ ಬಿದ್ದುಹೋಗಿದೆ ಎಂದುಕೊಂಡು ನೆಲ ಹುಡುಕಿದರು. “ಇದನ್ನೆಲ್ಲ ಅವಳು ಯಾವಾಗ ಕೇಳಿಸ್ಕೊಂಡ್ಲು?” ಎಂದಳು. “ನೀನು ಡ್ಯೂಟಿ ಮುಗಿಸಿ ಬರೋದನ್ನ ಕಾಯ್ತಾ ನಿನ್ನ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತೇ ಬೆಳೆದವಳಲ್ಲವೇನೇ?” ಎಂದೆ. ನಮ್ಮ ಬೀದಿಯ ತಿರುವಿಗೆ ಬಂದ ಮೇಲೆ ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಬರೆಯುತ್ತೇನೆ, ಒಂದಕ್ಷರ ನನ್ನದಲ್ಲ: “ನನ್ನ ಕೆಲಸ ಕಂಡ್ರೆ ಅವಳಿಗೆ ಅಸಹ್ಯ ಅಂತ ತಿಳ್ಕೊಂಡಿದ್ದೆ ಅಪ್ಪಾ. ಅದಕ್ಕೇ ಓದು ಬಿಟ್ಟು ಓಡಿಹೋದ್ಲು ಅಂತ.”

ನೋಡು ಗಿಲಕಿ, ಇಷ್ಟು ದಿನ ಅವಳಿಗಿದ್ದದ್ದು ಸಿಟ್ಟು ಎಂದು ನಾನೂ ತಿಳಿದುಕೊಂಡಿದ್ದೆ. ಅದು ಸಿಟ್ಟಲ್ಲ. ನೀನು ಬಿಟ್ಟುಹೋದದ್ದು ಓದನ್ನಲ್ಲ, ತನ್ನನ್ನೇ ಎಂದು ಅವಳು ಒಳಗೊಳಗೇ ಬೇಯುತ್ತಿದ್ದಳು. ಆ ಕಾಲಿನ ಬಗ್ಗೆ ಅವಳಿಗೆ ಎಷ್ಟು ಸಂಕೋಚ ಎಂದು ನಿನಗೆ ಗೊತ್ತು, ಮದುವೆಯ ಫೋಟೋದಲ್ಲೂ ಕೂತೇ ತೆಗೆಸಿಕೊಂಡವಳು. ಆ ಕಾಲಿನ ಸದ್ದು ಕೇಳಿ ಒಬ್ಬ ಮುದುಕಿಗೆ ಧೈರ್ಯ ಬರುವುದನ್ನು ನೀನು ತೆರೆಯ ಮೇಲೆ ತೋರಿಸಿದೆ. ನನ್ನ ಜೀವನದಲ್ಲಿ ನೋಡಿದ ಸಿನಿಮಾಗಳಲ್ಲೆಲ್ಲ ಇದೇ ಒಳ್ಳೆಯದು. ವಕೀಲನಿದ್ದರೂ ಸರಿ, ಒಳ್ಳೆಯದೇ.

ಮನೆಗೆ ಬಂದವಳು ಪಾತ್ರೆ ತೊಳೆಯಲಿಲ್ಲ. ಈಗ ಪಕ್ಕದ ಕೋಣೆಯಲ್ಲಿದ್ದಾಳೆ, ನಿನಗೆ ಬರೆಯುತ್ತಿದ್ದೇನೆಂದು ಗೊತ್ತು, ಎದ್ದು ಹೋಗಿಲ್ಲ. ಅವಳಿಂದ ಇದಕ್ಕಿಂತ ಹೆಚ್ಚು ನಾನು ಕೇಳಲಾರೆ, ನೀನೂ ಅವಸರ ಮಾಡಬೇಡ. ಹಿಮ್ಮಡಿಯನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಳಿಬಿಟ್ಟು ಕೂರು. ದೊಡ್ಡಕಿವಿಯವರಿಗೆ ನನ್ನ ನಮಸ್ಕಾರ, ಎಲೆಗಳ ಮೇಲಿನ ಅವರ ನಡಿಗೆಗೆ ಬೇರೆಯಾಗಿ ಇನ್ನೊಂದು ನಮಸ್ಕಾರ. ಸೀನಮ್ಮನಿಗೆ ಆಶೀರ್ವಾದ. ನಿನ್ನ ಕಾಲಿಗೆ ಮುಳ್ಳು ತಾಗದಿರಲಿ, ಕೂದಲು ಕೊಂಕದಿರಲಿ.

ಇಂತು ನಿನ್ನ,
ತಾತ (ಕುದುರೆಯದೂ ಹೌದು)

ತಾ.ಕ.: ಲಕೋಟೆಗೆ ಗೋಂದು ಹಚ್ಚುವಾಗ ನಿನ್ನ ಅಮ್ಮ ಬಂದು ಕಾಗದ ಕಸಿದುಕೊಂಡಳು. ನಿಂತೇ ಪೂರ್ತಿ ಓದಿದಳು. ಹರಿದು ಹಾಕುತ್ತಾಳೆಂದು ನಾನು ಕೈ ಚಾಚಿಕೊಂಡೇ ಕೂತಿದ್ದೆ. ಓದಿ ಮುಗಿಸಿ, “ಒಂದು ತಪ್ಪು ಮಾಡಿದ್ದಾಳೆ ಅಂತ ಬರಿ” ಎಂದಳು. ನಿದ್ದೆ ಹೋದ ರೋಗಿಯ ಮಂಚ ದಾಟುವಾಗ ತಾನು ಎಡಗಾಲನ್ನು ಎಳೆಯುವುದಿಲ್ಲವಂತೆ. ಎಷ್ಟೇ ನೋವಾದರೂ ಎತ್ತಿ, ಮೆಲ್ಲಗೆ ಇಡುತ್ತಾಳಂತೆ, ಅವರಿಗೆ ಎಚ್ಚರವಾಗಬಾರದೆಂದು. “ಅದು ಅವಳಿಗೆ ಹೇಗೆ ಗೊತ್ತಾಗ್ಬೇಕು, ಸದ್ದೇ ಆಗಲ್ವಲ್ಲ. ಬಂದು ನಡೆದು ತೋರಿಸ್ತೀನಿ” ಎಂದಳು. ಹೌದು ಗಿಲಕಿ, ಬರುತ್ತಾಳಂತೆ, ರಜೆಗೂ ಹೇಳಿಟ್ಟಿದ್ದಾಳಂತೆ, ನನಗೇ ಈಗ ಗೊತ್ತಾಗಿದ್ದು. ನೀವು ಸದ್ದು ಹಿಡಿಯುವ ಆ ಕೋಣೆಯೊಳಗೆ ಹೊರಗಿನವರನ್ನು ಬಿಡುತ್ತಾರೆಯೇ, ಯಾವ ದಿನ ಬಂದರೆ ಅನುಕೂಲ, ಎರಡನ್ನೂ ಬೇಗ ಬರೆ. ಕಾಗದ ನನಗೆ ಬೇಡ, ಅವಳಿಗೇ ಬರೆ.